ಹಿಟ್ಟುಬ್ಬಿಸುವ ಯೀಸ್ಟೂ ದೇಹದ ಕಾವಲುಗಾರರೂ

ಕಾಪು, ಕಾರ್ಕಳಗಳ ಕ್ರೈಸ್ತರ ಮನೆಗಳಲ್ಲಿ ಸನ್ನದ ಹಿಟ್ಟಿಗೆ ಕಳ್ಳು ಬೆರೆಸುವುದುಂಟು. ಹಿಟ್ಟನ್ನು ಉಬ್ಬಿಸುವುದು ಕಳ್ಳಿನಲ್ಲಿರುವ ಯೀಸ್ಟ್ ಎಂಬ ಏಕಕೋಶ ಜೀವಿ. ಅದರ ಕೋಶಭಿತ್ತಿಯಲ್ಲಿ ಸಕ್ಕರೆಯ ಅಣುಗಳು ಸರಪಳಿಗಟ್ಟಿದ ಬೀಟಾ-ಗ್ಲೂಕನ್ ಎಂಬ ವಸ್ತುವಿದೆ. ನಮ್ಮ ಕೋಶಗಳಲ್ಲಿ ಇದಿಲ್ಲ. ಆದುದರಿಂದಲೇ ರಕ್ತದ ಬಿಳಿಯ ಕಣಗಳು ಇದನ್ನು ಅನ್ಯವೆಂದು ಅರಿಯುತ್ತವೆ. ಅವುಗಳ ಮೈಮೇಲಿನ ಡೆಕ್ಟಿನ್-1 ಎಂಬ ಪ್ರೋಟೀನು ಗ್ಲೂಕನನ್ನು ಹಿಡಿಯುತ್ತದೆಂದು 2001ರಲ್ಲಿ ತಿಳಿದುಬಂದಿತು. ಹಿಡಿದ ಕಣವು ಯೀಸ್ಟನ್ನು ನುಂಗಿ, ಸಂಗಡಿಗರನ್ನು ಕರೆಯುವ ರಾಸಾಯನಿಕಗಳನ್ನು ಸ್ರವಿಸುತ್ತದೆ.

ಸನ್ನ ತಿಂದವರಿಗೆ ರೋಗ ಬಾರದೆಂದು ಓದುಗರು ಬಗೆಯಬಾರದು. ನಾವು ಹೇಳಿದುದು ಪ್ರಯೋಗಾಲಯದ ಮಾತು, ಊಟದ ಎಲೆಯದಲ್ಲ. ಯೀಸ್ಟಿನ ಬಂಧುವಾದ ಕ್ಯಾಂಡಿಡಾ ತನ್ನ ಗ್ಲೂಕನನ್ನು ಮ್ಯಾನನ್ ಎಂಬ ಹೊದಿಕೆಯಡಿ ಮರೆಮಾಡಿ, ಬಲಗುಂದಿದ ರೋಗಿಯ ರಕ್ತವನ್ನು ಹೊಕ್ಕರೆ ಪ್ರಾಣಕ್ಕೇ ಎರವಾಗಬಲ್ಲುದು. ಆಗ ರಕ್ತದಲ್ಲಿ ಬೆರೆತ ಗ್ಲೂಕನನ್ನು ಅಳೆದು ವೈದ್ಯರು ಈ ಶತ್ರುವಿನ ಸುಳಿವು ಹಿಡಿಯುತ್ತಾರೆ.