ಮಂಗಳೂರಿನ ಹಳೆಯ ಬಂದರೂ ಸುಲ್ತಾನ್ ಬತ್ತೇರಿಯೂ

ಪಶ್ಚಿಮಸಮುದ್ರತೀರದ ರೇವುಪಟ್ಟಣಗಳಲ್ಲಿ ಮಂಗಳೂರಿನಷ್ಟು ಸಲ ಮುತ್ತಿಗೆಗೆ ಒಳಗಾದವು ವಿರಳ. ಪೋರ್ಚುಗೀಸರು, ಕೆಳದಿಯ ನಾಯಕರು, ಹೈದರಾಲಿ, ಟಿಪ್ಪು ಸುಲ್ತಾನ, ಇಂಗ್ಲಿಷರು, ಇವರೆಲ್ಲರೂ ಈ ಬಂದರಿಗಾಗಿ ಹೋರಾಡಿದವರೇ. ಆದರೂ ಆ ಹೋರಾಟಗಳ ಕುರುಹಾಗಿ ಇಂದು ನೆಲದ ಮೇಲೆ ಎದ್ದುಕಾಣುವ ರಕ್ಷಣಾಕಟ್ಟಡವು ಮುಖ್ಯವಾಗಿ ಒಂದೇ ಒಂದು. ಅದು ಬೋಳೂರಿನಲ್ಲಿ ಗುರುಪುರ ಹೊಳೆಯ ದಡದಲ್ಲಿರುವ ಸುಲ್ತಾನ್ ಬತ್ತೇರಿ. ಇದನ್ನು ಕೆಲವರು ಕೋಟೆಯೆನ್ನುವರು, ಕೆಲವರು ಕಾವಲುಗೋಪುರವೆನ್ನುವರು, ದೊಡ್ಡ ಯುದ್ಧನೌಕೆಗಳು ಹೊಳೆಯೊಳಗೆ ನುಗ್ಗದಂತೆ ತಡೆಯಲು ಕಟ್ಟಿದುದೆಂಬ ಮಾತೂ ಪ್ರಚಾರದಲ್ಲಿದೆ. ಈ ಮೂರು ಮಾತುಗಳೂ ಸಮನಾಗಿ ನಿಲ್ಲತಕ್ಕವಲ್ಲ. ಸ್ಥಳದ ಸ್ವರೂಪವನ್ನೂ ಕಾಲದ ಘಟನೆಗಳನ್ನೂ ಜೊತೆಯಲ್ಲಿಟ್ಟು ನೋಡಿದರೆ ಮಾತ್ರ ಈ ಕಟ್ಟಡದ ಅರ್ಥವು ಸ್ಪಷ್ಟವಾಗುವುದು.

ಮೊದಲು ಸ್ಥಳದ ವಿಚಾರ. ಘಟ್ಟದಿಂದ ಇಳಿದು ಬರುವ ನೇತ್ರಾವತಿಯೂ, ಫಲ್ಗುಣಿಯೆಂಬ ಇನ್ನೊಂದು ಹೆಸರುಳ್ಳ ಗುರುಪುರ ಹೊಳೆಯೂ ಮಂಗಳೂರಿನಲ್ಲಿ ಒಂದೇ ಅಳಿವೆಯ ಮೂಲಕ ಸಮುದ್ರವನ್ನು ಸೇರುತ್ತವೆ. ಇವುಗಳಲ್ಲಿ ಗುರುಪುರ ಹೊಳೆಯು ಕಡಲ ಸಮೀಪಕ್ಕೆ ಬಂದೊಡನೆ ಅದರಲ್ಲಿ ಬೀಳದೆ, ದಕ್ಷಿಣಕ್ಕೆ ತಿರುಗಿ, ತೀರಕ್ಕೆ ಸಮಾನಾಂತರವಾಗಿ ಬಹುದೂರ ಹರಿಯುವುದು. ಹೊಳೆಗೂ ಕಡಲಿಗೂ ನಡುವೆ ಇರುವುದು ಕಿರಿದಾದ ಮರಳಿನ ಪಟ್ಟಿ ಮಾತ್ರ. ತಣ್ಣೀರುಬಾವಿ, ಬೆಂಗ್ರೆ ಎಂಬ ಊರುಗಳು ಈ ಪಟ್ಟಿಯ ಮೇಲೆಯೇ ಇವೆ. ಹೀಗೆ ಪ್ರಕೃತಿಯೇ ಕಟ್ಟಿಕೊಟ್ಟ ಒಡ್ಡಿನ ಹಿಂದೆ, ಅಲೆಗಳ ಹೊಡೆತವಿಲ್ಲದ ಹಿನ್ನೀರು ದೊರೆತುದರಿಂದಲೇ ಇಲ್ಲಿ ಬಂದರು ಬೆಳೆಯಿತು. ಆದರೆ ಅಳಿವೆಬಾಗಿಲಿನಲ್ಲಿ ಮರಳು ಕಟ್ಟಿ ನೀರಿನ ಆಳವು ಕಡಮೆಯಾಗಿರುವುದು. ಆದಕಾರಣ ದೊಡ್ಡ ಹಡಗುಗಳು ಹೊರಗಡೆ ಲಂಗರು ಹಾಕಿ ನಿಲ್ಲಬೇಕಾಗಿತ್ತು. ಮಂಜಿ, ಪತ್ತೇಮಾರಿ, ದೋಣಿಗಳು ಮಾತ್ರ ಒಳಕ್ಕೆ ಬರಬಹುದಾಗಿತ್ತು. ಈ ಸಂಗತಿಯನ್ನು ಮರೆತರೆ ಬತ್ತೇರಿಯ ಉದ್ದೇಶವು ತಿಳಿಯುವುದಿಲ್ಲ.

ಹಳೆಯ ಬಂದರಿನ ದಕ್ಕೆಯಿಂದ ಹೊರಟು ಹೊಳೆಯನ್ನು ಎಡಕ್ಕಿಟ್ಟುಕೊಂಡು ಉತ್ತರಾಭಿಮುಖವಾಗಿ ನಡೆಯುವವರಿಗೆ ಈ ರಚನೆಯು ಕಣ್ಣಿಗೆ ಕಟ್ಟುವುದು. ದಕ್ಕೆಯ ಆಸುಪಾಸಿನ ಬೀದಿಗಳಲ್ಲಿ ವಖಾರಗಳು, ಮೀನಿನ ವ್ಯಾಪಾರ, ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಹಡಗುಗಳ ಗಲಭೆ. ಅಲ್ಲಿಯೇ ಜೀನತ್ ಬಕ್ಷ್ ಜುಮಾ ಮಸೀದಿಯಿದೆ. ಅರಬೀ ವರ್ತಕರೊಡನೆ ಈ ರೇವಿಗಿದ್ದ ಪುರಾತನ ಸಂಬಂಧಕ್ಕೆ ಅದು ಸಾಕ್ಷಿ. ಟಿಪ್ಪುವು ಇದನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಪ್ರತೀತಿಯುಂಟು. ಅಲ್ಲಿಂದ ಮುಂದೆ ಬೋಳೂರಿನತ್ತ ಸಾಗಿದಂತೆ ಗಲಭೆಯು ಕಡಮೆಯಾಗಿ, ಎದುರುದಡದ ತೆಂಗಿನ ಸಾಲೂ ಅದರಾಚೆ ಕಡಲಿನ ಮೊರೆತವೂ ಗಮನಕ್ಕೆ ಬರುತ್ತವೆ. ನಗರದ ನಡುಭಾಗದಿಂದ ಸುಮಾರು 4 ಕಿಲೋಮೀಟರ್ ದೂರದಲ್ಲಿ ಬತ್ತೇರಿಯು ನಿಂತಿದೆ.

ಇನ್ನು ಇತಿಹಾಸ. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನನ ಹೆಸರಿನ ಕೋಟೆಯೊಂದನ್ನು ಕಟ್ಟಿದರು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪನಾಯಕನ ಪರಾಕ್ರಮದಿಂದ ಈ ತೀರದಲ್ಲಿ ಅವರ ಬಲವು ಮುರಿಯಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಮಂಗಳೂರೂ ಅವನ ವಶವಾಯಿತು. ಸಮುದ್ರದ ಬಲವಿಲ್ಲದೆ ಇಂಗ್ಲಿಷರನ್ನು ಎದುರಿಸಲಾಗದೆಂದು ತಿಳಿದ ಹೈದರನು ಇಲ್ಲಿ ಹಡಗುಗಳನ್ನು ಕಟ್ಟಿಸತೊಡಗಿದನು. ಅಂದಿನಿಂದ ಇದು ಕೇವಲ ಅಕ್ಕಿ ಮೆಣಸುಗಳ ರೇವಾಗಿರದೆ ಮೈಸೂರಿನ ನೌಕಾಸ್ಥಾನವಾಯಿತು. ಶತ್ರುಗಳ ಕಣ್ಣು ಇದರ ಮೇಲೆ ಬಿದ್ದುದೂ ಅಂದಿನಿಂದಲೇ. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷರ ದಂಡು ಮಂಗಳೂರನ್ನು ಹಿಡಿಯಿತು. ಅದೇ ವರ್ಷ ಹೈದರನು ಅದನ್ನು ಮರಳಿ ಪಡೆದನು. 1780ರ ಡಿಸೆಂಬರಿನಲ್ಲಿ ನೌಕಾಧಿಪತಿಯಾದ ಎಡ್ವರ್ಡ್ ಹ್ಯೂಸನು ಮಂಗಳೂರಿನಲ್ಲಿದ್ದ ಹೈದರನ ಹಡಗುಗಳನ್ನು ನಾಶಮಾಡಿದನು. ಈ ಕಾರ್ಯದಲ್ಲಿ ಮುಂದೆ ನುಗ್ಗಿದವು ದೊಡ್ಡ ನೌಕೆಗಳಲ್ಲ; ಅವುಗಳಿಂದ ಇಳಿಸಿದ ದೋಣಿಗಳು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಎರಡನೆಯ ಮೈಸೂರು ಯುದ್ಧದಲ್ಲಿ, 1783ರ ಮಾರ್ಚಿ ತಿಂಗಳಲ್ಲಿ, ಸೇನಾನಿ ಮ್ಯಾಥ್ಯೂಸನು ಮಂಗಳೂರನ್ನು ಗೆದ್ದನು. ಅದೇ ಮೇ ತಿಂಗಳಲ್ಲಿ ಟಿಪ್ಪುವು ಮಹಾಸೈನ್ಯದೊಡನೆ ಬಂದು ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದ ಕರ್ನಲ್ ಕ್ಯಾಂಬೆಲನ ಪಡೆಯು ಮಳೆಗಾಲವನ್ನೆಲ್ಲ ಅಲ್ಲಿಯೇ ಕಳೆಯಿತು. ಯೂರೋಪಿನಲ್ಲಿ ಶಾಂತಿಯಾದ ವಾರ್ತೆ ಬಂದುದರಿಂದ ಟಿಪ್ಪುವಿನ ಕಡೆಯಲ್ಲಿದ್ದ ಫ್ರೆಂಚರು ಯುದ್ಧದಿಂದ ಹಿಂದೆಗೆದರು. ಇಂಗ್ಲಿಷರ ಹಡಗುಗಳು ಹೊರಗಡಲಿಗೆ ಬಂದು ನಿಂತರೂ ಕೋಟೆಯವರ ಕಷ್ಟವು ನೀಗಲಿಲ್ಲ. ಹಸಿವಿನಿಂದಲೂ ರೋಗದಿಂದಲೂ ಕೃಶರಾಗಿ, 1784ರ ಜನವರಿ 30ರಂದು ಅವರು ಕೋಟೆಯನ್ನು ಒಪ್ಪಿಸಿದರು. ಕ್ಯಾಂಬೆಲನು ಮಾರ್ಚಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡನು. 1784ರ ಮಾರ್ಚಿ 11ರಂದು ಮಂಗಳೂರಿನಲ್ಲಿ ಕೌಲು ನಡೆದು ಯುದ್ಧವು ಮುಗಿಯಿತು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರು ಸಾವಿರಾರು ಮಂದಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟುದೂ ಅದೇ ವರ್ಷದಲ್ಲಿ. ಗೆದ್ದವನಿಗೆ ಆ ವರ್ಷವು ಜಯದ್ದಾದರೂ, ಊರಿನ ಪಾಲಿಗೆ ಅದು ದುಃಖದ್ದು.

ಕೌಲು ಮುಗಿದ ಬಳಿಕ ಟಿಪ್ಪುವು ಮಾಡಿದ ಕೆಲಸವು ಮೇಲ್ನೋಟಕ್ಕೆ ವಿಚಿತ್ರವೆನಿಸುವುದು. ಅಷ್ಟು ಕಷ್ಟದಿಂದ ಪಡೆದ ಕೋಟೆಯನ್ನು ಅವನು ತಾನೇ ಕೆಡವಿಸಿದನು. 1801ರಲ್ಲಿ ಮಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಹೇಳಿ, ಕಾರಣವನ್ನೂ ಸೂಚಿಸಿದ್ದಾನೆ: ಇಂತಹ ಕೋಟೆಗಳು ಯೂರೋಪಿನ ಸೈನ್ಯವನ್ನು ತಡೆಯಲಾರವು, ಆದರೆ ಇಂಗ್ಲಿಷರು ಒಳಗೆ ಕುಳಿತರೆ ಅವರನ್ನು ಹೊರಡಿಸುವುದು ಬಹು ದುಸ್ತರ. ಇದು ಎಂಟು ತಿಂಗಳ ಮುತ್ತಿಗೆ ಕಲಿಸಿದ ಪಾಠ. ಈ ಕಾರಣದಿಂದಲೇ ಇಂದು ಮಂಗಳೂರಿನಲ್ಲಿ ಕೋಟೆಯನ್ನು ಹುಡುಕುವವನಿಗೆ ಕೋಟೆಯು ಸಿಕ್ಕುವುದಿಲ್ಲ.

ಸುಲ್ತಾನ್ ಬತ್ತೇರಿಯ ನಿರ್ಮಾಣವನ್ನು ಸಾಮಾನ್ಯವಾಗಿ ಇದೇ 1784ಕ್ಕೆ ಹೇಳುವರು. ಊರಿನ ಮನೆಗಳಿಗೆ ಬಳಸುವ ಮುರಕಲ್ಲನ್ನು ಬಿಟ್ಟು ಇದನ್ನು ಗಟ್ಟಿಯಾದ ಕಪ್ಪುಕಲ್ಲಿನಿಂದ ಕಟ್ಟಲಾಗಿದೆ. ಗೋಡೆಯ ಸುತ್ತಲೂ ತೋಪುಗಳನ್ನು ಹಾರಿಸಲು ಕಿಂಡಿಗಳುಂಟು. ಮೇಲಕ್ಕೆ ಹತ್ತಲು ಮೆಟ್ಟಲುಗಳುಂಟು. ಕೆಳಗೆ ಮದ್ದನ್ನು ಇಡುವುದಕ್ಕಾಗಿ ನೆಲಮಾಳಿಗೆಯುಂಟು. ಅರಮನೆಯಾಗಲಿ, ಸೈನ್ಯವು ತಿಂಗಳುಗಟ್ಟಲೆ ಬೀಡುಬಿಡುವಷ್ಟು ಬಯಲಾಗಲಿ ಇಲ್ಲಿಲ್ಲ. ಹೆಸರೂ ಇದಕ್ಕೆ ಅನುಗುಣವಾಗಿಯೇ ಇದೆ. ಬತ್ತೇರಿಯೆಂಬುದು ಐರೋಪ್ಯಭಾಷೆಗಳಿಂದ ಬಂದ ಶಬ್ದ. ತೋಪುಗಳನ್ನು ಸಾಲಾಗಿ ಹೂಡಿದ ಸ್ಥಳವೆಂಬುದು ಅದರ ಅರ್ಥ. ಕನ್ನಡದಲ್ಲಿ ಅದು ಬತೇರಿಯಾಗಿ, ಕೋಟೆಯ ಬುರುಜಿಗೂ ಸಲ್ಲುವಂತಾಯಿತು. ವಯನಾಡಿನಲ್ಲಿ ಗಣಪತಿವಟ್ಟಮೆಂಬ ಊರು ಟಿಪ್ಪುವಿನ ಮದ್ದುಗುಂಡುಗಳ ದಾಸ್ತಾನಿನಿಂದಾಗಿ ಇದೇ ಹೆಸರನ್ನು ಪಡೆದುದು ಪ್ರಸಿದ್ಧವಾಗಿದೆ.

ಕೋಟೆಯನ್ನು ಕೆಡವಿದವನೇ ಬತ್ತೇರಿಯನ್ನು ಕಟ್ಟಿಸಿದುದರಲ್ಲಿ ವಿರೋಧವಿಲ್ಲವೆಂಬುದು ಇಷ್ಟರಿಂದ ಊಹಿಸತಕ್ಕದ್ದು. ಕೋಟೆಯು ಆಶ್ರಯಸ್ಥಾನ, ಅದು ಯಾರ ಕೈಯಲ್ಲಿದ್ದರೆ ಅವರನ್ನು ಕಾಯುವುದು, ಶತ್ರುವನ್ನೂ ಕಾಯುವುದು. ಬತ್ತೇರಿಯಾದರೋ ಹೊಳೆಯ ಒಂದು ಹಾದಿಯನ್ನು ಮಾತ್ರ ಕಾಯುವುದು. ಶತ್ರುವು ಹಿಡಿದರೂ ಅದರೊಳಗೆ ಎಂಟು ತಿಂಗಳು ಕುಳಿತಿರಲಾರನು. ಇನ್ನು ದೊಡ್ಡ ಯುದ್ಧನೌಕೆಗಳ ಮಾತು. ಅಳಿವೆಯ ಮರಳನ್ನು ದಾಟಲಾರದ ಹಡಗಿಗೆ ಒಳಹೊಳೆಯಲ್ಲಿ ತೋಪನ್ನು ಹೂಡಬೇಕಾದುದಿಲ್ಲ. ಭರತದ ನೀರಿನೊಡನೆ ಒಳನುಗ್ಗಿ, ಹಿನ್ನೀರಿನಲ್ಲಿ ಕಟ್ಟಿದ ನಾವೆಗಳಿಗೆ ಬೆಂಕಿಯಿಡಬಲ್ಲ ಸಶಸ್ತ್ರ ದೋಣಿಗಳೇ ನಿಜವಾದ ಭಯ. 1780ರ ಅನುಭವವು ಇದನ್ನು ತೋರಿಸಿಕೊಟ್ಟಿತ್ತು. ಬೋಳೂರಿನ ದಡವು ಇಕ್ಕಟ್ಟಾದ ಹೊಳೆಯ ಮಗ್ಗುಲಲ್ಲಿಯೇ ಇರುವುದರಿಂದ ಅಂತಹ ದೋಣಿಗಳು ಕಿಂಡಿಗಳ ಎದುರಿನಲ್ಲಿಯೇ ಹಾದುಹೋಗಬೇಕಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಕೆನರಾ ಸೀಮೆಯು ಕಂಪನಿಯ ವಶವಾದ ಮೇಲೆ ಬತ್ತೇರಿಗೆ ಕಾಯುವ ಕೆಲಸವಿಲ್ಲದಂತಾಯಿತು. 1974ರಲ್ಲಿ ಪಣಂಬೂರಿನ ಹೊಸ ಬಂದರು ಮಹಾಬಂದರುಗಳ ಪಂಕ್ತಿಗೆ ಸೇರಿ, ದೊಡ್ಡ ಹಡಗುಗಳೆಲ್ಲ ಅತ್ತ ತಿರುಗಿದವು. ಹಳೆಯ ರೇವು ಮೀನುಗಾರರದೂ ಸಣ್ಣ ನಾವೆಗಳದೂ ಆಗಿ ಉಳಿದಿದೆ. ಶತ್ರುದೋಣಿಗಳಿಗಾಗಿ ತೆರೆದ ಕಿಂಡಿಗಳ ಕೆಳಗಿನಿಂದಲೇ ಇಂದು ತಣ್ಣೀರುಬಾವಿಯ ಕಡಲತೀರಕ್ಕೆ ಹೋಗುವವರ ದೋಣಿಯು ಹೊರಡುತ್ತದೆ. ಕೋಟೆಯೆಂದು ಕರೆದು ಇದನ್ನು ಹಿರಿದಾಗಿಸಬೇಕಾದ ಅವಶ್ಯಕತೆಯಿಲ್ಲ. ಕೋಟೆಯ ಮೇಲೆ ನಂಬಿಕೆಯನ್ನು ಕಳೆದುಕೊಂಡ ಅರಸನೊಬ್ಬನು ಅದರ ಬದಲಿಗೆ ಏನನ್ನು ನಂಬಿದನೆಂಬುದನ್ನು ಕಲ್ಲಿನಲ್ಲಿ ತೋರಿಸುವುದರಿಂದಲೇ ಈ ಚಿಕ್ಕ ಕಟ್ಟಡವು ಸಂರಕ್ಷಣೆಗೂ ಪರಿಶೀಲನೆಗೂ ಯೋಗ್ಯವಾಗಿದೆ.