ಮಾನ್ಯ ಗ್ರಂಥ, ಮಾನ್ಯ ಪಾಠ: ಪುಣೆಯ ಮಹಾಭಾರತ ಪರಿಷ್ಕರಣವನ್ನು ಕುರಿತು

ಒಂದು ಸಮುದಾಯವು ತನ್ನ ಪವಿತ್ರ ಬರಹಗಳ ವಿಷಯದಲ್ಲಿ ಒಮ್ಮತಕ್ಕೆ ಬರಬೇಕಾದರೆ ಎರಡು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ಯಾವ ಗ್ರಂಥಗಳು ಮಾನ್ಯ ಎಂಬುದು ಮೊದಲನೆಯದು. ಮಾನ್ಯವಾದ ಗ್ರಂಥದಲ್ಲಿ ಯಾವ ಪಾಠವು ಪ್ರಾಚೀನ ಎಂಬುದು ಎರಡನೆಯದು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಮಹಾಭಾರತ ಪರಿಷ್ಕರಣವನ್ನು ಆದಿ ಕ್ರೈಸ್ತರ ಅನುಭವದೊಡನೆ ಇಟ್ಟು ನೋಡಿ, ಈ ಭೇದವನ್ನು ಸ್ಪಷ್ಟಪಡಿಸುವುದು ಇಲ್ಲಿ ನಮ್ಮ ಉದ್ದೇಶ.

ಆದಿ ಕ್ರೈಸ್ತರ ಮುಂದಿದ್ದುದು ಮುಖ್ಯವಾಗಿ ಮೊದಲನೆಯ ಪ್ರಶ್ನೆ. ಎರಡನೆಯ ಶತಮಾನದ ಮಧ್ಯಭಾಗದಲ್ಲಿ ಮಾರ್ಸಿಯನ್ ಎಂಬಾತನು ಯೆಹೂದ್ಯರ ಧರ್ಮಗ್ರಂಥಗಳನ್ನು ತ್ಯಜಿಸಿ, ಲೂಕನ ಸುವಾರ್ತೆಯ ಒಂದು ರೂಪವನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡನು. ಅದೇ ಶತಮಾನದ ಕೊನೆಯ ಭಾಗದಲ್ಲಿ ಐರೆನೇಯಸನು ಸುವಾರ್ತೆಗಳು ನಾಲ್ಕೇ ಎಂದು ಪ್ರತಿಪಾದಿಸಿದನು. ಅಪೊಸ್ತಲರ ಸಂಬಂಧ, ಪರಂಪರಾಗತ ನಂಬಿಕೆಯೊಡನೆ ಹೊಂದಾಣಿಕೆ, ಸಭೆಗಳಲ್ಲಿ ವ್ಯಾಪಕವಾದ ಪಠನ ಇವು ಮಾನ್ಯತೆಯ ಒರೆಗಲ್ಲುಗಳಾದವು. ಇಂದಿನ ಹೊಸ ಒಡಂಬಡಿಕೆಯ 27 ಗ್ರಂಥಗಳನ್ನೇ ಹೆಸರಿಸುವ, ನಮಗೆ ದೊರೆತಿರುವ ಮೊದಲ ಪಟ್ಟಿ ಅಲೆಗ್ಸಾಂಡ್ರಿಯದ ಅಥನೇಸಿಯಸನು 367ರಲ್ಲಿ ಬರೆದ ಪತ್ರದಲ್ಲಿದೆ. ಸಿರಿಯಾಕ್ ಭಾಷೆಯ ಪ್ರಾಚೀನ ಪೆಶಿಟ್ಟಾದಲ್ಲಾದರೋ ಇವುಗಳ ಪೈಕಿ 22 ಮಾತ್ರ ಇದ್ದವು. ಬಳಕೆ ಮೊದಲು, ಪಟ್ಟಿ ಅನಂತರ ಎಂಬುದು ಇದರಿಂದ ವಿದಿತವಾಗುತ್ತದೆ.

ಪುಣೆಯ ವಿದ್ವಾಂಸರ ಮುಂದಿದ್ದುದು ಎರಡನೆಯ ಪ್ರಶ್ನೆ. ಮಹಾಭಾರತದ ಮಾನ್ಯತೆಯನ್ನು ಯಾರೂ ನಿರ್ಣಯಿಸಬೇಕಾಗಿರಲಿಲ್ಲ. ಯಾವ ಮಹಾಭಾರತ ಎಂಬುದಷ್ಟೇ ನಿರ್ಣಯವಾಗಬೇಕಾಗಿತ್ತು. 1919ರಲ್ಲಿ ಆರಂಭವಾದ ಈ ಕಾರ್ಯಕ್ಕೆ 1925ರಲ್ಲಿ ವಿ. ಎಸ್. ಸುಕ್ಥಂಕರ್ ಅವರು ಪ್ರಧಾನ ಸಂಪಾದಕರಾದರು. 1933ರಲ್ಲಿ ಆದಿಪರ್ವ ಪೂರ್ಣಗೊಂಡಿತು. 1943ರಲ್ಲಿ ಅವರು ನಿಧನರಾದ ಮೇಲೆ ಎಸ್. ಕೆ. ಬೇಲ್ವಲ್ಕರ್, ತರುವಾಯ ಪಿ. ಎಲ್. ವೈದ್ಯ ಅವರು ಹೊಣೆ ಹೊತ್ತು, 1966ರಲ್ಲಿ ಹದಿನೆಂಟು ಪರ್ವಗಳ ಪರಿಷ್ಕರಣವನ್ನು ಮುಗಿಸಿದರು. ಒಟ್ಟು 1,259 ಹಸ್ತಪ್ರತಿಗಳು ಪರಿಶೀಲನೆಗೆ ಒಳಪಟ್ಟವು.

ಪರಿಷ್ಕರಣದ ತತ್ತ್ವ ಸರಳವಾದುದು. ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳದಂತೆ ದೂರದಲ್ಲಿ ಬೆಳೆದ ಎರಡು ಪರಂಪರೆಗಳು, ಉದಾಹರಣೆಗೆ ಕಾಶ್ಮೀರದ ಶಾರದಾ ಲಿಪಿಯ ಪ್ರತಿಗಳೂ ಕೇರಳದ ಮಲಯಾಳಂ ಪ್ರತಿಗಳೂ, ಒಂದೇ ಪಾಠವನ್ನು ಕೊಟ್ಟರೆ ಅದು ಅವೆರಡೂ ಬೇರ್ಪಡುವುದಕ್ಕೆ ಮುಂಚಿನದಾಗಿರಬೇಕು. ನಿಶ್ಚಯವಿಲ್ಲದ ಕಡೆ ಪಾಠದ ಕೆಳಗೆ ಅಲೆಗೆರೆ ಹಾಕುವ ಪದ್ಧತಿಯನ್ನೂ ಸಂಪಾದಕರು ಇಟ್ಟುಕೊಂಡರು. ಈ ತತ್ತ್ವದ ಫಲವಾಗಿ ವ್ಯಾಸರಿಗೆ ಗಣಪತಿ ಲಿಪಿಕಾರನಾದ ಪ್ರಸಂಗವು ಮೂಲಪಾಠದಿಂದ ಅನುಬಂಧಕ್ಕೆ ಸರಿಯಿತು. ಸಭಾಪರ್ವದಲ್ಲಿ ದ್ರೌಪದಿಯು ಕೃಷ್ಣನಿಗೆ ಮೊರೆಯಿಡುವ ಭಾಗವೂ ಮೂಲಪಾಠದಿಂದ ಹೊರಗುಳಿಯಿತು. ಹಾಗೆಂದು ಹರಿಕಥೆಯಲ್ಲಾಗಲಿ ಯಕ್ಷಗಾನದಲ್ಲಾಗಲಿ ಆ ಮೊರೆ ನಿಲ್ಲಲಿಲ್ಲ. ಪರಿಷ್ಕರಣವು ಪಾಠದ ಪ್ರಾಚೀನತೆಯನ್ನು ಹೇಳಬಲ್ಲುದೇ ಹೊರತು ಭಕ್ತರ ಮಾನ್ಯತೆಯನ್ನು ರದ್ದುಮಾಡಲಾರದು.

ಕನ್ನಡದ ದೃಷ್ಟಿಯಿಂದ ಗಮನಾರ್ಹವಾದ ಸಂಗತಿಯೊಂದಿದೆ. ಆದಿಪರ್ವದ ಪೀಠಿಕೆಯಲ್ಲಿ ಸುಕ್ಥಂಕರ್ ಅವರು ಲೆಕ್ಕಕ್ಕೆ ತೆಗೆದುಕೊಂಡ 235 ಹಸ್ತಪ್ರತಿಗಳಲ್ಲಿ ದೇವನಾಗರಿಯವು 107, ಬಂಗಾಳಿಯವು 32, ಗ್ರಂಥಲಿಪಿಯವು 31, ತೆಲುಗಿನವು 28, ಮಲಯಾಳಂನವು 26. ಕನ್ನಡ ಲಿಪಿಯದು ಒಂದೇ ಒಂದು. ಇದನ್ನು ಕನ್ನಡ ನಾಡಿನಲ್ಲಿ ಭಾರತದ ಓದು ಕಡಿಮೆಯಾಗಿತ್ತೆಂಬುದಕ್ಕೆ ಪ್ರಮಾಣವಾಗಿ ಹಿಡಿಯಲಾಗದು. ಇಲ್ಲಿನ ಸಂಸ್ಕೃತ ಗ್ರಂಥಗಳನ್ನು ನಂದಿನಾಗರಿಯೇ ಮೊದಲಾದ ಲಿಪಿಗಳಲ್ಲಿಯೂ ಬರೆಯುತ್ತಿದ್ದರು. ತೆಲುಗಿನ ನನ್ನಯನ ಭಾರತ ಪರಿಷ್ಕರಣಕ್ಕೆ ಸಹಾಯಕ ಸಾಕ್ಷ್ಯವಾಯಿತು. ಅದಕ್ಕಿಂತ ಹಳೆಯದಾದ, 941ರ ಪಂಪಭಾರತವಾದರೋ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸುವಷ್ಟು ಸ್ವತಂತ್ರವಾದುದರಿಂದ ಶ್ಲೋಕಪಾಠಕ್ಕೆ ಸಾಕ್ಷಿಯಾಗುವುದು ಕಷ್ಟ. ಹೀಗಾಗಿ ಕನ್ನಡ ನಾಡಿನ ಸಂಸ್ಕೃತ ಭಾರತ ಹೇಗಿತ್ತೆಂದು ತಿಳಿಯಲು ಹಸ್ತಪ್ರತಿಗಳೇ ಮುಖ್ಯ ಆಧಾರ.

ಪಟ್ಟಿಗೆ ಸೇರದ ಗ್ರಂಥವು ಕ್ರಮೇಣ ಪ್ರತಿಯಾಗುವುದು ನಿಂತು ನಷ್ಟವಾಗುತ್ತದೆ. ಆದಿ ಕ್ರೈಸ್ತರ ಅನೇಕ ಬರಹಗಳಿಗೆ ಒದಗಿದ ಗತಿ ಇದೇ. ಸೂಚಿಗೆ ಸೇರದ ಓಲೆಗರಿಗೂ ಇದು ಅನ್ವಯಿಸುತ್ತದೆ. ಕರ್ನಾಟಕದ ಹೊರಗಿನ ಗ್ರಂಥಾಲಯಗಳಲ್ಲಿ ಕೆಲಸ ಮಾಡುವ ಸಂಶೋಧಕರು ಕನ್ನಡ ಮತ್ತು ನಂದಿನಾಗರಿ ಲಿಪಿಗಳ ಸಂಸ್ಕೃತ ಪ್ರತಿಗಳನ್ನು ಗುರುತಿಸಿ ದಾಖಲಿಸಿದರೆ, ಪುಣೆಯ ವಿದ್ವಾಂಸರು ಅಲೆಗೆರೆ ಹಾಕಿ ಬಿಟ್ಟ ಕೆಲವು ಪಾಠಗಳ ಮರುಪರಿಶೀಲನೆಗೆ ಹೊಸ ಸಾಮಗ್ರಿ ದೊರೆಯಬಹುದೆಂದು ನಾವು ಭಾವಿಸುತ್ತೇವೆ.