ಓಬವ್ವನ ಕತೆ ಗೊತ್ತು, ಆಮೇಲೆ ದುರ್ಗದವರು ಎಲ್ಲಿ ಹೋದ್ರು? ಶ್ರೀರಂಗಪಟ್ಟಣದ ಬಂದೀಖಾನೆಗೆ ಹೋಗಿ ಬಂದ ಕತೆ

ಇಯರ್‌ಫೋನ್ ಮರೆತು ಬಸ್ ಹತ್ತಿದವರಿಗಾಗಿ ಈ ವಾರದ ಎಪಿಸೋಡಿನ ಅಕ್ಷರರೂಪ ಇಲ್ಲಿದೆ.

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಪ್ರಶ್ನೆ ನನ್ನದಲ್ಲ, ನನ್ನ ಚಿಕ್ಕಪ್ಪನ ಮಗಂದು. ಸೆಕೆಂಡ್ ಪಿಯುಸಿ ಓದೋ ಹುಡುಗ. ನಮ್ಮೂರು ಹದಡಿ, ದಾವಣಗೆರೆ ಪಕ್ಕದ್ದು. ಒಂದು ರಾತ್ರಿ ಟಿವಿಯಲ್ಲಿ ಹಳೇ 'ನಾಗರಹಾವು' ಬರ್ತಿತ್ತು. ಜಯಂತಿಯವರು ಓಬವ್ವ ಆಗಿ ಒನಕೆ ಎತ್ತೋ ದೃಶ್ಯ. ಅದು ಬಂದರೆ ನಮ್ಮನೇಲಿ ಊಟದ ತಟ್ಟೆ ಕೂಡ ಸದ್ದು ಮಾಡಲ್ಲ. ಹಾಡು ಮುಗಿದದ್ದೇ ಅವನು ಕೇಳಿದ: "ಅಣ್ಣಾ, ಓಬವ್ವ ಸತ್ತ ಮೇಲೆ ದುರ್ಗ ಏನಾತು?"

"ಬಿತ್ತು" ಅಂದೆ.

"ಅದು ಗೊತ್ತೈತಿ. ಒಳಗಿದ್ದ ಮಂದಿ ಎಲ್ಲಿ ಹೋದ್ರು?"

ನನ್ನ ಹತ್ರ ಉತ್ತರ ಇರಲಿಲ್ಲ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ನಮ್ಮಪ್ಪನ ಕಾಲದವರು ಇವತ್ತಿಗೂ 'ದುರ್ಗದ ಜಿಲ್ಲೆ' ಅಂತಲೇ ಅಂತಾರೆ. ಆದರೂ ಈ ಪ್ರಶ್ನೆಯನ್ನ ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಹುಡುಕಿದಾಗ ಸಿಕ್ಕ ಉತ್ತರ: ಶ್ರೀರಂಗಪಟ್ಟಣ. ಸರಿ, ರಾತ್ರಿ ಬಸ್ ಹತ್ತಿ ಇಬ್ಬರೂ ಮೈಸೂರಿಗೆ ಹೋದ್ವಿ, ಅಲ್ಲಿಂದ ಲೋಕಲ್ ಬಸ್.

ದ್ವೀಪದ ಜೈಲು ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಅಂಡಮಾನ್. ಕರಿನೀರಿನ ಶಿಕ್ಷೆ, ಸೆಲ್ಯುಲಾರ್ ಜೈಲು. 1906ರಲ್ಲಿ ಕಟ್ಟಿ ಮುಗಿಸಿದ ಅದು 1979ರಲ್ಲಿ ರಾಷ್ಟ್ರೀಯ ಸ್ಮಾರಕ ಆಯ್ತು. ಅಲ್ಲಿ ಜೈಲಿನ ಒಳಗೇ ಮ್ಯೂಸಿಯಂ ಇದೆ, ಕೈದಿಗಳ ಹೆಸರುಗಳನ್ನ ಕಲ್ಲಿನ ಮೇಲೆ ಕೆತ್ತಿದ್ದಾರೆ. ಆದರೆ ಅದಕ್ಕಿಂತ ನೂರು ವರ್ಷಕ್ಕೂ ಹಿಂದೆ ನಮ್ಮ ರಾಜ್ಯದಲ್ಲೇ ಒಂದು ದ್ವೀಪದ ಸೆರೆಮನೆ ಇತ್ತು ಅನ್ನೋದು ಮೈಸೂರು ಟ್ರಿಪ್ ಹೋದವರಿಗೂ ತಲೆಗೆ ಹೋಗಿರಲ್ಲ. ಹೋಗೋದು ಹೇಗೆ? ಬೆಂಗಳೂರು ರಸ್ತೆಯಲ್ಲಿ ಒಂದು ಸೇತುವೆ ದಾಟ್ತೀರಿ, ಸ್ವಲ್ಪ ಹೊತ್ತಿಗೆ ಇನ್ನೊಂದು. ಅವೆರಡರ ನಡುವೆ ಇರೋದೇ ದ್ವೀಪ.

ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು ಮತ್ತೆ ಕೂಡ್ತಾಳೆ. ನಡುವೆ ಉಳಿದ ನೆಲ ಸುಮಾರು ಐದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ. ಪಶ್ಚಿಮದ ತುದಿಯಲ್ಲಿ ಕೋಟೆ. ಮಳೆಗಾಲದಲ್ಲಿ ನದಿ ಉಕ್ಕಿದರೆ ಹೊರಗಿನವರು ಒಳಗೆ ಬರೋ ಹಾಗಿಲ್ಲ, ಒಳಗಿನವರು ಹೊರಗೆ ಹೋಗೋ ಹಾಗಿಲ್ಲ. ಬೇಸಿಗೆಯಲ್ಲಿ ಮಾತ್ರ ನೀರು ಇಳಿದು ಬಂಡೆ ಕಾಣುತ್ತೆ. ಇಂಗ್ಲಿಷರು 1799ರಲ್ಲಿ ಮೇ 4ನೇ ತಾರೀಖು ನುಗ್ಗಿದ್ದು ಅದೇ ಲೆಕ್ಕದ ಮೇಲೆ, ಮಳೆ ಹಿಡಿಯೋ ಮೊದಲು. ರಾಜಧಾನಿಗೆ ಒಳ್ಳೇ ಜಾಗ, ಸೆರೆಮನೆಗೆ ಇನ್ನೂ ಒಳ್ಳೇ ಜಾಗ.

ರಂಗನಾಥಸ್ವಾಮಿ ಗುಡಿಯಿಂದ ನಡೆದುಕೊಂಡೇ ಹೋಗಬಹುದು, ಉತ್ತರದ ಕೋಟೆಗೋಡೆಗೆ ಅಂಟಿಕೊಂಡ ಹಾಗೆ ಕರ್ನಲ್ ಬೈಲಿ ಬಂದೀಖಾನೆ ಇದೆ. ಮೇಲಿಂದ ನೋಡಿದರೆ ಏನೂ ಅನಿಸಲ್ಲ, ಹುಲ್ಲು, ಗಿಡ. ಮೆಟ್ಟಿಲು ಇಳಿದಾಗ ಗೊತ್ತಾಗುತ್ತೆ. ಇಟ್ಟಿಗೆ ಗಾರೆಯ ಕಮಾನುಗಳು ಸಾಲಾಗಿ ನಿಂತಿವೆ. ಸುಮಾರು ಮೂವತ್ತು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲದ ಜಾಗ. ಗೋಡೆಯಿಂದ ಕಲ್ಲಿನ ಹಲಗೆಗಳು ಚಾಚಿಕೊಂಡಿವೆ, ಅದರಲ್ಲಿ ತೂತು. ಸರಪಳಿ ಹಾಕೋಕೆ. ನನ್ನ ತಮ್ಮ ಎರಡೂ ಕೈ ಚಾಚಿ ಆ ಕಲ್ಲಿನ ಪಕ್ಕ ನಿಂತ, ಫೋಟೋಗೆ. ಒಂದು ನಿಮಿಷ ಆದಮೇಲೆ "ಸಾಕು" ಅಂತ ತಾನೇ ಇಳಿಸಿದ. ಒಂದು ಫಿರಂಗಿ ಕೂಡ ಅಲ್ಲೇ ಬಿದ್ದಿದೆ. ಮುತ್ತಿಗೆ ಹೊತ್ತಲ್ಲಿ ಮೇಲಿಂದ ಚಾವಣಿ ಒಡೆದುಕೊಂಡು ಒಳಗೆ ಬಿದ್ದದ್ದಂತೆ.

ಅಲ್ಲಿ ಒಬ್ಬ ಗೈಡ್ ಇನ್ನೊಂದು ಫ್ಯಾಮಿಲಿಗೆ ವಿವರಿಸ್ತಿದ್ರು: "ಇಲ್ಲಿ ಕತ್ತಿನ ಮಟ್ಟಕ್ಕೆ ನೀರು ಬಿಡೋರು ಸಾರ್, ಟಿಪ್ಪು ಸುಲ್ತಾನ್ ಬೈಲಿನ ಇಲ್ಲೇ ಕಟ್ಟಾಕಿದ್ದು." ನೀರಿನ ಕತೆಯನ್ನ ಗೈಡ್ ಕತೆ ಅಂತಲೇ ಕೇಳಿ. ಎರಡನೇ ಮಾತಿಗೆ ಮಾತ್ರ ತಾರೀಖು ನೋಡಿ. ಕರ್ನಲ್ ವಿಲಿಯಂ ಬೈಲಿ ಸೆರೆಸಿಕ್ಕಿದ್ದು 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರ ಪೊಲ್ಲಿಲೂರಿನ ಯುದ್ಧದಲ್ಲಿ. ಸತ್ತಿದ್ದು 1782ರ ನವೆಂಬರ್‌ನಲ್ಲಿ. ಹೈದರ್ ಅಲಿ ತೀರಿಕೊಂಡಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. ಅಂದ್ರೆ ಬೈಲಿಯ ಸೆರೆವಾಸ ಪೂರ್ತಿ ನಡೆದದ್ದು ಅಪ್ಪನ ಆಳ್ವಿಕೆಯಲ್ಲಿ, ಮಗನ ಕಾಲದಲ್ಲಲ್ಲ. ಟಿಪ್ಪು ಪರ, ಟಿಪ್ಪು ವಿರೋಧ ಅಂತ ವಾಟ್ಸಾಪಲ್ಲಿ ಕುಸ್ತಿ ಆಡೋ ಎರಡೂ ಕಡೆಯವರು ಇಂಥ ಸಣ್ಣ ಲೆಕ್ಕ ಹಾಕಲ್ಲ ಅನ್ನೋದು ನನ್ನ ದೂರು.

ಬೈಲಿ ಜೊತೆ ಸಿಕ್ಕಿಬಿದ್ದವರಲ್ಲಿ ಡೇವಿಡ್ ಬೇರ್ಡ್ ಅನ್ನೋ ಕ್ಯಾಪ್ಟನ್ ಇದ್ದ. ಕಾಲಿಗೆ ಬೇಡಿ ಹಾಕಿಸಿಕೊಂಡು ಮೂರೂವರೆ ವರ್ಷ ಇಲ್ಲೇ ಕಳೆದ. 1784ರ ಮಂಗಳೂರು ಒಪ್ಪಂದದಲ್ಲಿ ಬಿಡುಗಡೆ ಆಯ್ತು. ಹದಿನೈದು ವರ್ಷ ಬಿಟ್ಟು ಇದೇ ಕೋಟೆಗೆ ನುಗ್ಗಿದ ಪಡೆಯ ಮುಂದೆ ಕತ್ತಿ ಹಿಡಿದು ಇದ್ದವನು ಅವನೇ. ಸಿನಿಮಾ ಮಾಡೋರಿಗೆ ಇದಕ್ಕಿಂತ ಬೇರೆ ಇಂಟರ್‌ವಲ್ ಬೇಡ.

ಇದೆಲ್ಲ ಕೇಳಿ ತಮ್ಮ ಮೆಲ್ಲಗೆ ಕೇಳಿದ: "ಬೈಲಿ, ಬೇರ್ಡು ಸರಿ. ನಮ್ಮೋರು ಎಲ್ಲಿ?"

ಅಲ್ಲಿಗೇ ಬರ್ತೀನಿ.

ಚಿತ್ರದುರ್ಗದ ಮೇಲೆ ಹೈದರ್ ಒಂದು ಸಲ ಅಲ್ಲ, ಹಲವು ಸಲ ಬಂದ. ಒಳಗಿನವರೇ ಕೆಲವರು ಕೈಕೊಟ್ಟ ಮೇಲೆ 1779ರಲ್ಲಿ ಕೋಟೆ ಬಿತ್ತು. ಮದಕರಿ ನಾಯಕರನ್ನ, ಅವರ ಮನೆಯವರನ್ನ ಸೆರೆಹಿಡಿದು ಈ ದ್ವೀಪಕ್ಕೆ ಕಳಿಸಿದರು. ನಾಯಕರು ತಿರುಗಿ ದುರ್ಗ ನೋಡಲಿಲ್ಲ. ಪಾಠದಲ್ಲಿ ಕತೆ ಇಲ್ಲಿಗೆ ನಿಲ್ಲುತ್ತೆ. ಆದರೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಮುಂದಿನದನ್ನೂ ಹೇಳುತ್ತೆ. ನಾಯಕನ ಮೇಲೆ ಬೇಡರಿಗೆ ಇದ್ದ ನಿಷ್ಠೆಯಿಂದಲೇ ಯುದ್ಧ ಇಷ್ಟು ದಿನ ಎಳೆಯಿತು ಅಂತ ಹೈದರ್‌ಗೆ ಅನಿಸಿತು. ಹಾಗಾಗಿ ಆ ಜನವನ್ನೇ ಅಲ್ಲಿಂದ ಕಿತ್ತ. 20,000 ಮಂದಿಯನ್ನ ಸಾಗಿಸಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ನೆಲೆಗೊಳಿಸಿದ. ವಯಸ್ಸಿಗೆ ಬಂದ ಹುಡುಗರನ್ನ ಮತಾಂತರಿಸಿ 'ಚೇಲಾ' ಪಡೆಗಳಾಗಿ ಮಾಡಿದ. ಇವತ್ತು ರಾಜಕಾರಣಿ ಹಿಂದೆ ಬ್ಯಾಗ್ ಹಿಡಿದು ಓಡೋರಿಗೆ ಚೇಲಾ ಅಂತೀವಲ್ಲ, ಅದೇ ಪದ.

20,000 ಜನ ಆ ಮೂವತ್ತು ಮೀಟರಿನ ಕಮಾನುಗಳ ಕೆಳಗೆ ಹಿಡಿಸಲ್ಲ. ನಾವು ಸೆರೆಮನೆ ಅಂತ ಮೆಟ್ಟಿಲು ಇಳಿದು ನೋಡಿದ್ದು ಒಂದು ಮೂಲೆ ಅಷ್ಟೇ. ದುರ್ಗದವರ ಪಾಲಿಗೆ ಗೋಡೆ ಅಂದ್ರೆ ಸುತ್ತ ಹರಿಯೋ ಕಾವೇರಿಯೇ. ಬಸ್ ಇಳಿದ ಜಾಗ, ಕಬ್ಬಿನ ಹಾಲು ಕುಡಿದ ಅಂಗಡಿ, ಗುಡಿ ಮುಂದಿನ ಬೀದಿ, ಎಲ್ಲ ಅದರೊಳಗೇ ಬಂತು.

ವಿಚಿತ್ರ ಅಂದ್ರೆ, ದುರ್ಗವನ್ನ ಖಾಲಿ ಮಾಡಿದ ಅದೇ ಹೈದರ್ ದಾವಣಗೆರೆಯನ್ನ ಅಪೋಜಿ ರಾಮ್ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನ ಕರೆಸಿ ಕೂರಿಸಿದ. ನಮ್ಮ ಪೇಟೆಯ ಬೆಳವಣಿಗೆ ಅಲ್ಲಿಂದ ಶುರು. ಒಂದು ಊರು ಬರಿದಾಗಿದ್ದಕ್ಕೂ ಪಕ್ಕದ ಊರು ತುಂಬಿದ್ದಕ್ಕೂ ಒಬ್ಬನೇ ಕಾರಣ. ಇದನ್ನ ಯಾವ ಕಡೆಯ ಘೋಷಣೆಗೂ ಹೊಂದಿಸೋಕೆ ಆಗಲ್ಲ.

ಇನ್ನೊಬ್ಬ ಕೈದಿ ಇದ್ದಾನೆ, ನಮ್ಮ ಚನ್ನಗಿರಿಯವನು, ಧೋಂಡಿಯಾ ವಾಘ್. ಹೈದರನ ಕುದುರೆ ಪಡೆಯಲ್ಲಿದ್ದ, ಬಿಟ್ಟು ಹೋಗಿ ಧಾರವಾಡದ ಸೀಮೆಯಲ್ಲಿ ಲೂಟಿ ಮಾಡ್ಕೊಂಡಿದ್ದ. ಆಮೇಲೆ ಟಿಪ್ಪು ಹತ್ರ ಬಂದ. ಟಿಪ್ಪು ಅವನನ್ನ ಮತಾಂತರಿಸಿ ಸರಪಳಿ ಹಾಕಿಸಿ ಇದೇ ದ್ವೀಪದಲ್ಲಿ ಇಟ್ಟ. 1799ರಲ್ಲಿ ಕೋಟೆ ಬಿದ್ದ ಗದ್ದಲದಲ್ಲಿ ಧೋಂಡಿಯಾ ಹೊರಬಿದ್ದ. ಬಿದನೂರು ಸೀಮೆಗೆ ಹೋಗಿ, ಕೆಲಸ ಕಳಕೊಂಡ ಟಿಪ್ಪುವಿನ ಸೈನಿಕರನ್ನೇ ಕೂಡಿಸಿ ಪಡೆ ಕಟ್ಟಿದ. ತನ್ನನ್ನ ತಾನೇ ಎರಡು ಲೋಕದ ಒಡೆಯ ಅಂತ ಕರಕೊಂಡ. ಹಿಡಿಯೋಕೆ ಹೊರಟವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ ಸೋಲಿಸಿದ ಅದೇ ಮನುಷ್ಯ. 1800ರ ಜೂನ್‌ನಲ್ಲಿ ಅವನ ದಂಡು ತುಂಗಭದ್ರೆ ದಾಟಿದ್ದು ನಮ್ಮ ಹರಿಹರದಲ್ಲಿ. ಸೆಪ್ಟೆಂಬರ್ 10ರಂದು ಕೋನಗಲ್ ಹತ್ರ ಧೋಂಡಿಯಾ ಸತ್ತ, ಪೊಲ್ಲಿಲೂರಿನ ಯುದ್ಧಕ್ಕೆ ಸರಿಯಾಗಿ ಇಪ್ಪತ್ತು ವರ್ಷಕ್ಕೆ. ಅವನ ಪುಟ್ಟ ಮಗ ಸಲಾಬತ್ ಖಾನ್‌ನನ್ನ ಸಾಕೋ ಜವಾಬ್ದಾರಿಯನ್ನ ವೆಲ್ಲೆಸ್ಲಿಯೇ ತಗೊಂಡ.

ಮಧ್ಯಾಹ್ನ ಕೋಟೆಯಿಂದ ಆಚೆ ದರಿಯಾ ದೌಲತ್‌ಗೆ ಹೋದ್ವಿ. ಟಿಪ್ಪುವಿನ ಬೇಸಿಗೆ ಅರಮನೆ, ಈಗ ಮ್ಯೂಸಿಯಂ. ಟಿಕೆಟ್ ಇದೆ. ಇದೇ ಕಟ್ಟಡದಲ್ಲಿ ವೆಲ್ಲೆಸ್ಲಿಯೂ ವಾಸ ಇದ್ದ. ಪಶ್ಚಿಮದ ಗೋಡೆ ತುಂಬ ಪೊಲ್ಲಿಲೂರಿನ ಯುದ್ಧದ ಚಿತ್ರ. ಮದ್ದಿನ ಗಾಡಿ ಸಿಡಿದಿದೆ, ನಡುವೆ ಪಲ್ಲಕ್ಕಿಯಲ್ಲಿ ಬೈಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ನಿಧಾನ ನೋಡಿ, ಮೂಲೆ ಮೂಲೆಗೂ ಒಂದು ಕತೆ ಇದೆ.

ಈಗ ಲೆಕ್ಕ ಮಾಡಿ. ಬೈಲಿಗೆ ಬಂದೀಖಾನೆಯ ಹೆಸರು ಸಿಕ್ಕಿತು. ಅರಮನೆ ಗೋಡೆ ಮೇಲೆ ಚಿತ್ರ ಆಯ್ತು. ಗುಂಬಜ್ ಹತ್ರ ಅವನ ಸಂಬಂಧಿ 1816ರಲ್ಲಿ ಕಟ್ಟಿಸಿದ ಸ್ಮಾರಕವೂ ಇದೆ. 1895ರಲ್ಲಿ ಇನ್ನೊಂದು ನೆಲಮಾಳಿಗೆ ಪತ್ತೆ ಆದಾಗ ಅದಕ್ಕೂ ಪತ್ತೆ ಮಾಡಿದ ಇಂಗ್ಲಿಷ್ ಎಂಜಿನಿಯರ್ ಇನ್‌ಮನ್ನನ ಹೆಸರೇ ಬಂತು, ಒಳಗಿದ್ದವರದ್ದಲ್ಲ. ಮದಕರಿ ನಾಯಕರ ಪ್ರತಿಮೆ ದುರ್ಗದಲ್ಲಿದೆ. ಅವರ ಕೊನೆಯ ದಿನಗಳು ಕಳೆದ ಈ ದ್ವೀಪದಲ್ಲಿ, ನಾವು ಸುತ್ತಿದ ಕಡೆಯಲ್ಲೆಲ್ಲೂ ಒಂದು ಫಲಕ ಕಾಣಲಿಲ್ಲ.

ಯಾಕೆ ಹೀಗೆ? ಬೇಕಂತಲೇ ಯಾರೋ ಮುಚ್ಚಿಟ್ಟರು ಅಂತ ನನಗೆ ಅನಿಸಲ್ಲ. ಸೆರೆಯಿಂದ ಬಿಡುಗಡೆಯಾದ ಇಂಗ್ಲಿಷರು ಊರಿಗೆ ಹೋಗಿ ಬರೆದರು. ಜೇಮ್ಸ್ ಸ್ಕರ್ರಿ ಅನ್ನೋ ಹುಡುಗ ಹತ್ತು ವರ್ಷ ಸೆರೆಯಲ್ಲಿದ್ದ, ಅವನನ್ನೂ ಚೇಲಾ ಪಡೆಗೆ ಹಾಕಿದ್ದರು. ಅವನ ಕತೆ 1824ರಲ್ಲಿ ಪುಸ್ತಕ ಆಯ್ತು. ಫಲಕ ಬರೆಯೋರಿಗೆ ಸಿಗೋದು ಇಂಥ ಪುಸ್ತಕಗಳು. ಅದೇ ಪಡೆಯಲ್ಲಿದ್ದ ದುರ್ಗದ ಹುಡುಗನ ಹತ್ರ ಕೂತು ಬರಕೊಳ್ಳೋಕೆ ಯಾರಿದ್ರು? ಅವನಿಗೆ ಕೊಟ್ಟ ಹೊಸ ಹೆಸರಲ್ಲಿ ಅವನು ಎಲ್ಲೋ ಕರಗಿಹೋದ.

ವಾಪಸ್ ಹೊರಡೋಕೆ ಮುಂಚೆ ರೈಲ್ವೆ ಸ್ಟೇಷನ್ ಕಡೆ ಹೋದ್ವಿ. ಹಳಿ ಹೋಗೋದು ಕೋಟೆಯ ಒಳಗಿಂದಲೇ. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಟಿಪ್ಪುವಿನ ಮದ್ದಿನಮನೆಯನ್ನ ಒಡೆಯದೆ, ಬುಡಸಮೇತ ಎತ್ತಿ ನೂರು ಮೀಟರ್‌ಗೂ ಹೆಚ್ಚು ಸರಿಸಿದ್ರು. ಅದನ್ನ ತೋರಿಸಿದಾಗ ತಮ್ಮ ಸುತ್ತ ಒಂದು ರೌಂಡ್ ಹೊಡೆದು ಬಂದು ಹೇಳಿದ: "ಇಷ್ಟು ದೊಡ್ಡ ಕಟ್ಟಡ ಎತ್ತಿ ಇಡ್ತಾರ. ಒಂದು ಬೋರ್ಡ್ ನೆಡಕ್ಕ ಎಷ್ಟೊತ್ತು ಬೇಕಣ್ಣಾ?"

ಮನೆಗೆ ಬಂದ ಮೇಲೆ ಅವನೇ ಕೂತು ಒಂದು ಅರ್ಜಿ ಬರೆದ. ಮದಕರಿ ನಾಯಕರು, ದುರ್ಗದ 20,000 ಜನ, 1779. ಎಲ್ಲ ಸೇರಿ ನಾಲ್ಕು ಸಾಲು. ಕನ್ನಡ ತಿದ್ದೋ ಕೆಲಸ ನನಗೆ ಕೊಟ್ಟಿದ್ದಾನೆ. ಯಾವ ಕಚೇರಿಗೆ ಕಳಿಸಿದ್ವಿ, ಏನು ಉತ್ತರ ಬಂತು ಅಂತ ಇನ್ನೊಂದು ಎಪಿಸೋಡ್‌ನಲ್ಲಿ ಹೇಳ್ತೀನಿ. ಮುಂದಿನ ಭಾನುವಾರ ಇಬ್ಬರೂ ಬೈಕಲ್ಲಿ ಹರಿಹರಕ್ಕೆ, ವೆಲ್ಲೆಸ್ಲಿಯ ದಂಡು ದಾಟಿದ ಹೊಳೆ ನೋಡೋಕೆ. ಸಿಗೋಣ.